ಕೂತವರ ಅಳತೆ ತೆಗೆಯದ ಟೇಲರ್

ಚರ್ರ್! ಒಂದು ವರ್ಷದ ಮಟ್ಟಿಗೆ ನಮ್ಮ ಮನೆಯ ಬೆಳಗು ಶುರುವಾಗುತ್ತಿದ್ದುದು ಈ ಸದ್ದಿನಿಂದ. ವೆಲ್ಕ್ರೋ ಪಟ್ಟಿ ಬಿಚ್ಚುವ ಸದ್ದು. ನಾನೂ ನಮ್ಮ ಯಜಮಾನರೂ ಜಗಳವಾಡಿ ಸೀರೆ, ಪಂಚೆ ಹರಿದುಕೊಳ್ಳುತ್ತಿದ್ದೇವೆ ಎಂದು ಪಕ್ಕದ ಮನೆಯವರು ಮೊದಲ ವಾರ ತಿಳಿದಿದ್ದರಂತೆ. ಈ ವಯಸ್ಸಿನಲ್ಲಿ!

ಆ ಸದ್ದನ್ನು ನಮ್ಮ ಮನೆಗೆ ತಂದವರು ಶಿರಸಿ ಪೇಟೆಯ ಒಬ್ಬ ಜೆಂಟ್ಸ್ ಟೇಲರ್. ಅವರನ್ನು ಜೀನಿಯಸ್ ಎನ್ನಬೇಕೋ, ಸ್ಕ್ರೂ ಲೂಸ್ ಎನ್ನಬೇಕೋ, ನನಗೆ ಇವತ್ತಿಗೂ ಕನ್ಫ್ಯೂಶನ್. ಕಾನ್ವೆಂಟಿನ ಸಿಸ್ಟರುಗಳು ನನಗೆ ಯೆಸ್ ಅಥವಾ ನೋ ಎಂದು ಸ್ಪಷ್ಟವಾಗಿ ಉತ್ತರ ಕೊಡಲು ಕಲಿಸಿದ್ದರು. ಈ ಮನುಷ್ಯನ ವಿಷಯದಲ್ಲಿ ಆ ಎಜುಕೇಶನ್ ಎಲ್ಲ ವೇಸ್ಟ್!

ಯಜಮಾನರು ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದವರು. ಸ್ಟ್ರೋಕ್ ಆಗಿ ಎಡಗಡೆಯ ಬಲ ಕಳೆದುಕೊಂಡು ಆಸ್ಪತ್ರೆಯಿಂದ ಮನೆಗೆ ಬಂದಾಗ ಮಾತು ಇತ್ತು, ಸಿಟ್ಟು ಇತ್ತು, ನಿಲ್ಲುವುದೊಂದು ಇರಲಿಲ್ಲ. ಮಂಚದ ಪಕ್ಕಕ್ಕೆ ಯೂರಿನ್ ಬಾಟ್ಲಿ ಬಂತು. ರಗಳೆ ಶುರುವಾದದ್ದೇ ಅಲ್ಲಿಂದ ನೋಡಿ. ಅದನ್ನು ಕಂಡರೆ ಸಾಕು, ಇವರ ಮುಖ ಗೋಡೆಯ ಕಡೆ. ನಾನು ಹಿಡಿಯುವುದಂತೂ ಬೇಡವೇ ಬೇಡ. ನಲವತ್ತು ವರ್ಷ ಸಂಸಾರ ಮಾಡಿದ ಹೆಂಡತಿ ಮಾರಾಯರೆ, ನಾನೇನು ಬ್ಯಾಂಕಿನ ಇನ್‌ಸ್ಪೆಕ್ಟರೇ? ಕೊನೆಗೆ ಬಾಟ್ಲಿಯ ಸಹವಾಸವೇ ಬೇಡವೆಂದು ನೀರು ಕುಡಿಯುವುದನ್ನೇ ಬಿಟ್ಟರು.

“ಒಂದೇ ಒಂದು ಲೋಟ ಕುಡೀರಿ” ಎಂದರೆ, “ಬ್ಯಾಡ. ಕುಡದ್ರೆ ಮತ್ತೆ ಆ ಬಾಟ್ಲಿ ಹಿಡಿಯವು. ಗಂಡಸು ನಿಂತ್ಕಂಡೇ ಮಾಡವು” ಎನ್ನುತ್ತಿದ್ದರು. ನಮ್ಮ ಕಡೆ ‘ಮಾಡವು’ ಎಂದರೆ ಮಾಡಲೇಬೇಕು ಎಂದರ್ಥ.

ಹೀಗೇ ಆದರೆ ಕಿಡ್ನಿಗೆ ಕಷ್ಟ ಎಂದು ಡಾಕ್ಟರು ಗದರಿದರು. ಅಂದರೆ ಇವರು ನಿಂತು ನಂಬರ್ ಒನ್ ಮಾಡಬೇಕು, ಇಲ್ಲವಾದರೆ ತುಂಬಿದ ಹೂಜಿಯ ಪಕ್ಕದಲ್ಲಿ ಬಾಯಾರಿ ಹೋಗಿಬಿಡುತ್ತಾರೆ!

ರೋಗಿಯನ್ನು ನಿಲ್ಲಿಸುವ ಸ್ಟ್ಯಾಂಡೊಂದನ್ನು ತರಿಸಿದೆವು. ಕಬ್ಬಿಣದ ಚೌಕಟ್ಟು, ಬ್ರೇಕ್ ಇರುವ ನಾಲ್ಕು ಗಾಲಿ, ಮೊಣಕಾಲು ಆನಿಸಲು ಮೆತ್ತೆ, ಕೈಗೆ ಹಿಡಿಕೆ, ಸೊಂಟದ ಹಿಂದಿನಿಂದ ತಂದು ಸಿಕ್ಕಿಸುವ ಬೆಲ್ಟು. ಬೆಲ್ಟಿನ ಮೇಲೆ ‘ಫ್ರೀ ಸೈಜ್’ ಎಂದು ಬರೆದಿತ್ತು. ಎಬ್ಬಿಸಿದ ಕೂಡಲೆ ಅದು ಸೊಂಟ ಬಿಟ್ಟು ಕಂಕುಳಿಗೆ ಏರಿತು. ಯಜಮಾನರು ತಂತಿಯ ಮೇಲೆ ಒಣಹಾಕಿದ ಶರ್ಟಿನ ಹಾಗೆ ನೇತಾಡಿದರು. ಸಿದ್ದಾಪುರದಿಂದ ವಾರಕ್ಕೆರಡು ಸಲ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿ, “ಸೇಫ್ ಅಲ್ಲ ಆಂಟಿ, ಭುಜಕ್ಕೆ ಪೆಟ್ಟಾಗ್ತದೆ. ಬೆಲ್ಟು ಸೊಂಟದಲ್ಲೇ ಇರ್ಬೇಕು” ಎಂದು ಅದನ್ನು ಮೂಲೆಗೆ ಸರಿಸಿದಳು.

ಆಗ ಬಂದರು ನೋಡಿ ಟೇಲರ್ ಮಾಸ್ತರರು. ಯಜಮಾನರ ಮದುವೆಯ ಸೂಟಿನಿಂದ ಹಿಡಿದು ರಿಟೈರ್‌ಮೆಂಟಿನ ಸಫಾರಿಯ ತನಕ ಎಲ್ಲ ಹೊಲಿದವರು. ಶುಕ್ರವಾರದ ನಮಾಜು ಮುಗಿಸಿ ಕಾಯಿಲೆ ವಿಚಾರಿಸಲು ಬಂದವರು, ಕಾಯಿಲೆ ಬಿಟ್ಟು ಬೆಲ್ಟನ್ನು ತಿರುವಿ ತಿರುವಿ ನೋಡಿದರು.

“ಫ್ರೀ ಸೈಜಾ? ಅರೇ ಅಕ್ಕಾ, ಫ್ರೀ ಸೈಜಂದ್ರೆ ಯಾರ ಸೈಜೂ ಅಲ್ಲ! ನಾನು ಹೊಲ್ದು ಕೊಡ್ತೇನೆ. ಸಾಹೇಬ್ರೇ, ನಿಲ್ಲಿ, ಅಳತೆ ತಗೊಳ್ತೇನೆ.”

“ನಿಲ್ಲೂಕೆ ಬಂದ್ರೆ ಬೆಲ್ಟು ಎಂತಕ್ಕೆ ಮಾರಾಯಾ?”

“ಕೂತವರ ಅಳತೆ ನಾನು ತಗೊಳ್ಳೋದಿಲ್ಲ. ನಮ್ಮಪ್ಪನೂ ತಗೊಂಡವರಲ್ಲ. ಕೂತ್ರೆ ಹೊಟ್ಟೆ ಸುಳ್ಳು ಹೇಳ್ತದೆ!”

ನಿಂತರೆ ಅಳತೆ. ಅಳತೆಯಾದರೆ ಬೆಲ್ಟು. ಬೆಲ್ಟಾದರೆ ನಿಲ್ಲುವುದು. ನನ್ನ ತಲೆ ಗಿರ್ರೆಂದಿತು. ಮಾಸ್ತರರಿಗೆ ಮಾತ್ರ ಇದರಲ್ಲಿ ಯಾವ ತೊಡಕೂ ಕಾಣಲಿಲ್ಲ!

ಕೊನೆಗೆ ಸಫಾರಿಯ ಹಳೇ ಅಳತೆ ಹುಡುಕಿ ಒಂದು ಬೆಲ್ಟು ಹೊಲಿದು ತಂದರು. ಓ ಮೈ ಗಾಡ್! ಹೊರಗೆ ಕೋಟಿನ ಬಟ್ಟೆ, ಒಳಗೆ ಮಿರಿಮಿರಿ ಸ್ಯಾಟಿನ್ ಲೈನಿಂಗ್, ಬದಿಗೊಂದು ವಾಚ್ ಪಾಕೆಟ್.

“ಪಾಕೆಟ್ ಯಾಕೆ ಮಾಸ್ತರ್ರೇ?”

“ಮ್ಯಾನೇಜರ್ ಸಾಹೇಬ್ರು ಪಾಕೆಟ್ ಇಲ್ದೆ ಹೊರಗೆ ಹೋಗ್ತಾರಾ ಅಕ್ಕಾ?”

ಹೊರಗೆಂದರೆ ಎಲ್ಲಿಗೆ? ಬಚ್ಚಲಿಗೆ!

ಫಿಸಿಯೋ ಹುಡುಗಿ ಎಬ್ಬಿಸಿದಳು. ಯಜಮಾನರು ಎದ್ದರು, ಮತ್ತು ಎದ್ದಷ್ಟೇ ನಾಜೂಕಾಗಿ ಸ್ಯಾಟಿನ್ ಮೇಲೆ ಸುಯ್ಯೆಂದು ಜಾರಿ ಮಂಚಕ್ಕೆ ವಾಪಸ್. “ಟೇಲರ್ ಅಂಕಲ್, ಜಾರೋ ಬಟ್ಟೆ ಯಾರಾದ್ರೂ ಹಾಕ್ತಾರಾ?” ಎಂದು ಅವಳು ತಲೆ ಚಚ್ಚಿಕೊಂಡಳು. “ಲೈನಿಂಗ್ ಇಲ್ದೆ ಕೊಟ್ರೆ ಪೇಟೇಲಿ ನನ್ನ ಮರ್ಯಾದೆ ಏನಾಗ್ಬೇಕು ಬೇಟಿ?” ಎಂದರು ಮಾಸ್ತರರು. ಬಚ್ಚಲಲ್ಲಿ ಲೈನಿಂಗ್ ಚೆಕ್ ಮಾಡುವವರು ಯಾರು ಅಂತ!

ಎರಡನೆಯದು ದಪ್ಪ ಕ್ಯಾನ್ವಾಸಿನದು. ಅದರ ಟ್ರಯಲ್ ತಮ್ಮ ಮೇಲೆಯೇ ಆಗಲಿ ಎಂದು ಮಾಸ್ತರರು ಸ್ಟ್ಯಾಂಡಿನೊಳಗೆ ಹೊಕ್ಕು, ನನ್ನಿಂದಲೇ ಪಟ್ಟಿ ಬಿಗಿಸಿಕೊಂಡು ನಿಂತರು. ನಾನು ಚಹಾ ತರಲು ಒಳಗೆ ಹೋದೆ. ಪಟ್ಟಿ ಇದ್ದದ್ದು ಬೆನ್ನಿಗೆ, ಕೈಗೆ ಎಟುಕದು. ಅಷ್ಟರಲ್ಲಿ ನಂದೊಳ್ಳಿಯ ಗಿರಾಕಿಯೊಬ್ಬರು, ಅಂಗಡಿ ಮುಚ್ಚಿದೆಯೆಂದು, ವಿಚಾರಿಸಿಕೊಂಡು ನಮ್ಮ ಮನೆಗೇ ಬಂದರು. ಬಾಗಿಲಲ್ಲೇ ಕಲ್ಲಾದರು.

“ಅಯ್ಯಯ್ಯೋ ಮಾಸ್ತರ್ರೇ, ನಿಮಗೂ ಸ್ಟ್ರೋಕಾ?”

“ಸ್ಟ್ರೋಕೂ ಇಲ್ಲ, ಎಂತದೂ ಇಲ್ಲ. ಹತ್ರ ಬನ್ನಿ, ಸೊಂಟ ಕೊಡಿ!”

ಚಹಾ ತಂದು ನೋಡುತ್ತೇನೆ, ಸ್ಟ್ಯಾಂಡಿಗೆ ಕಟ್ಟಿಕೊಂಡೇ ಮಾಸ್ತರರು ಪ್ಯಾಂಟಿನ ಅಳತೆ ತೆಗೆಯುತ್ತಿದ್ದಾರೆ! ಮಂಚದ ಮೇಲಿಂದ ಯಜಮಾನರು, “ಇರು, ಈಗ ನಿನ್ನ ಅಳತೆ ನಾನು ತಗೊಳ್ಳಾ?” ಎಂದು ಬಿದ್ದು ಬಿದ್ದು ನಕ್ಕರು. ತಿಂಗಳುಗಳ ನಂತರ ಕೇಳಿದ ನಗು.

ಮಾಸ್ತರರು ಮಾತ್ರ ಬೇರೆಯೇ ಲೋಕದಲ್ಲಿದ್ದರು. “ಅಕ್ಕಾ, ನೋಡಿದ್ರಾ? ಎರಡೂ ಕೈ ಖಾಲಿ! ಹಿಡಿಕೆ ಹಿಡ್ಕೊಂಡೇ ನಿಲ್ಬೇಕಂದ್ರೆ ಸಾಹೇಬ್ರು ಬಾಕಿ ಕೆಲಸಕ್ಕೆ ಯಾವ ಕೈ ತರ್ತಾರೆ?”

ಹೌದಲ್ಲ! ಇಷ್ಟು ದಿನ ನಾವು ಯೋಚಿಸಿದ್ದು ನಿಲ್ಲಿಸುವುದನ್ನು ಮಾತ್ರ. ನಿಂತವನಿಗೆ ಒಂದು ಕೈ ಬೇಕೆಂಬುದು ಯಾರಿಗೂ ಹೊಳೆದಿರಲಿಲ್ಲ.

ಮೂರನೆಯ ಬೆಲ್ಟು ಸೊಂಟದ ಕೆಳಗೆ ಅಗಲವಾಗಿ ಹಿಡಿಯಿತು. ವೆಲ್ಕ್ರೋ ಪಟ್ಟಿ ಮುಂದೆ, ಬಲಗೈಗೆ ಸಿಗುವ ಹಾಗೆ. ಅಂಚಿಗೆ ಮೆತ್ತನೆಯ ಫ್ಲಾನೆಲ್. ಒಳಗಡೆ ಜಾರದ ಹತ್ತಿಯ ಬಟ್ಟೆ, ನೀಲಿ ಕೆಂಪು ಪಟ್ಟೆಯದು. ಎಲ್ಲೋ ನೋಡಿದ ಹಾಗಿದೆಯಲ್ಲ ಎಂದುಕೊಂಡೆ. ನನ್ನ ಅಮ್ಮ ಕೊಟ್ಟ ಜಮಖಾನೆ!

“ಸುತ್ತಿ ಮೂಲೇಲಿ ಇಟ್ಟಿದ್ರಿ ಅಕ್ಕಾ, ಮೊನ್ನೆ ಒಯ್ದೆ. ಕೆಲಸಕ್ಕೆ ಹಚ್ಚಿದ್ದೇನೆ” ಎಂದರು, ಉಪಕಾರ ಮಾಡಿದವರಂತೆ. ಬೈಯಬೇಕೋ ಥ್ಯಾಂಕ್ಸ್ ಹೇಳಬೇಕೋ ತಿಳಿಯದೆ ನಾನು ಎರಡನ್ನೂ ಒಟ್ಟಿಗೇ ಹೇಳಿದೆ.

ಫಿಸಿಯೋ ಹುಡುಗಿ ಬ್ರೇಕ್ ಹಾಕಿ, ಪಾದ ಸರಿಮಾಡಿ, “ಏಳಿ ಅಂಕಲ್” ಎಂದಳು. ಎದ್ದರು. ಬೆಲ್ಟು ಏರಲಿಲ್ಲ, ಜಾರಲಿಲ್ಲ. ಸ್ಟ್ಯಾಂಡನ್ನು ಮೆಲ್ಲಗೆ ಬಚ್ಚಲಿಗೆ ದೂಡಿ, ಬ್ರೇಕ್ ಒತ್ತಿ, ಬಾಗಿಲು ಓರೆ ಮಾಡಿ ಮೂವರೂ ಹೊರಗೆ ನಿಂತೆವು. ನಾನು ಮನಸ್ಸಿನಲ್ಲೇ ಕಾನ್ವೆಂಟಿನ ಹೇಲ್ ಮೇರಿ ಪ್ರೇಯರ್ ಹೇಳತೊಡಗಿ, ಅರ್ಧಕ್ಕೆ ಮರೆತು, ಉಳಿದರ್ಧವನ್ನು ಮಾರಿಕಾಂಬೆಗೆ ಒಪ್ಪಿಸಿದೆ.

ಒಳಗಿನಿಂದ ಕೂಗು ಬಂತು. “ಏ, ಕೇಳ್ತನೇ? ಕುಡಿಯೂಲೆ ನೀರು ತಗಂಬಾ!”

ಎರಡು ಲೋಟ ಕುಡಿದರು. “ಫಿಟಿಂಗ್ ಹೇಗುಂಟು ಸಾಹೇಬ್ರೇ?” ಎಂದು ಮಾಸ್ತರರು ಕೇಳಿದರೆ, “ಮದುವೆ ಸೂಟಿಗಿಂತ ಅಡ್ಡಿಲ್ಲ, ಚೊಲೋ ಇದ್ದು” ಎಂದರು.

ಎಬ್ಬಿಸುವಾಗ ಇಬ್ಬರಿರಬೇಕು ಎಂದು ಫಿಸಿಯೋ ಹುಡುಗಿ ಹೇಳಿದ್ದೇ ತಡ, ಮಾಸ್ತರರು ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಹಾಜರು. “ನಿಲ್ಲಿ ಸಾಹೇಬ್ರೇ, ನಿಲ್ಲಿ! ಶಾಭಾಸ್!” ಆಮೇಲೆ ಬಚ್ಚಲಿಗೆ ಬೆನ್ನು ಹಾಕಿ ನಿಂತು ಎಲೆಕ್ಷನ್ನು, ಮೀನಿನ ರೇಟು ಎಂದು ದೊಡ್ಡ ಗಂಟಲಿನಲ್ಲಿ ಮಾತು. ಎದುರಿಗೆ ನಾನೊಬ್ಬಳೇ, ನಾನೋ ಮೀನು ತಿನ್ನದವಳು! ಈ ಮಾಸ್ತರರಿಗೇನು ಹುಚ್ಚೇ ಎಂದುಕೊಳ್ಳುತ್ತಿದ್ದೆ. ಒಳಗಿನ ಸದ್ದು ನನಗೆ ಕೇಳಿಸಬಾರದೆಂದು ಆ ಗದ್ದಲ ಎಂಬುದು ತಿಳಿಯಲು, ಕಾನ್ವೆಂಟಿನಲ್ಲಿ ಓದಿದ ನನಗೆ, ಎಷ್ಟೋ ತಿಂಗಳು ಬೇಕಾಯಿತು.

ವರ್ಷ ತುಂಬುವಾಗ ಮಾಸ್ತರರ ಕಣ್ಣು ಮಂದವಾಯಿತು. ಮಗಳು ಯಲ್ಲಾಪುರದ ತನ್ನ ಮನೆಗೆ ಕರೆದೊಯ್ಯುವವಳಿದ್ದಳು. ಹೇಳಿ ಹೋಗಲು ಬಂದರು. ಚಹಾ ಕುಡಿದರು. ಗೋಡೆ ಮುಟ್ಟಿ ಮುಟ್ಟಿ ಮೆಟ್ಟಿಲಿಳಿದು ಆಟೋದ ಕಡೆ ನಡೆದರು.

“ಸ್ಟ್ಯಾಂಡ್ ತಗಂಬಾ” ಎಂದರು ಇವರು. ಆ ಹೊತ್ತಿಗೆ ಇವರ ಬಲಗಾಲು ನಾನೊಬ್ಬಳೇ ಎಬ್ಬಿಸುವಷ್ಟು ಗಟ್ಟಿಯಾಗಿತ್ತು. ಬೆಲ್ಟು ಬಿಗಿದು, ಎಬ್ಬಿಸಿ, ಬಚ್ಚಲಿನ ಕಡೆ ತಿರುಗಿಸಿದೆ.

“ಅಲ್ಲಿಗಲ್ದೇ. ಹೆಬ್ಬಾಗ್ಲಿಗೆ.”

ದೂಡಿಕೊಂಡು ಹೋಗಿ ಹೊಸ್ತಿಲ ಬಳಿ ಬ್ರೇಕ್ ಒತ್ತಿದೆ. ಇವರು ಬೆನ್ನು ನೆಟ್ಟಗೆ ಮಾಡಿ, ಬಲಗೈ ಎತ್ತಿದರು. ಆಟೋದೊಳಗಿನಿಂದ ಮಾಸ್ತರರು ತಲೆ ಹೊರಗೆ ಹಾಕಿದರು. ಅಷ್ಟು ದೂರದ್ದು ಆ ಕಣ್ಣಿಗೆ ಕಂಡಿತೋ, ಸುಮ್ಮನೆ ಗೊತ್ತಾಯಿತೋ, ನನಗೆ ತಿಳಿಯದು.

“ಕೂತ್ಕೊಳ್ಳಿ ಸಾಹೇಬ್ರೇ, ಕೂತ್ಕೊಳ್ಳಿ!” ಎಂದು ಕೂಗಿದರು.

ನಾನು ಮಾಸ್ತರರನ್ನು ನೋಡಿದ್ದು ಅದೇ ಕೊನೆ. ಇವರು ಕೂರಲಿಲ್ಲ. ಆಟೋ ತಿರುವಿನಲ್ಲಿ ಮರೆಯಾದ ಮೇಲೂ ಎಷ್ಟೋ ಹೊತ್ತು ನಿಂತೇ ಇದ್ದರು.