ನಿಂತ ರೈಲು ಹತ್ತದ ಮಾವ

ನಮ್ಮ ಸೋದರಮಾವ ಹುಟ್ಟಿದಾರಭ್ಯ ನಿಂತ ರೈಲನ್ನು ಹತ್ತಿದವರಲ್ಲ. ಅವರೂರು ಭೀಮನಬೀಡು, ತಾಲ್ಲೂಕು ಗುಂಡ್ಲುಪೇಟೆ. ಅಲ್ಲಿ ರೈಲು ಹಳಿಯೇ ಇಲ್ಲ. ಹಾಗಿದ್ದ ಮೇಲೆ ನಿಂತದ್ದೇನು, ಓಡುವುದೇನು ಎಂದು ನೀವು ಕೇಳಬಹುದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನೂ ಕೇಳಿದ್ದೆ. ಮೈಸೂರಿಗೆ ಗುಂಡ್ಲುಪೇಟೆಯಿಂದ ನೇರ ಬಸ್ಸಿದ್ದರೂ ಈ ಮಹಾನುಭಾವರು ಚಾಮರಾಜನಗರದ ಬಸ್ಸು ಹಿಡಿದು, ಅಲ್ಲಿಂದ ಮೀಟರ್ ಗೇಜ್ ರೈಲಿನಲ್ಲಿ ತೆವಳುತ್ತ ಮೈಸೂರು ಸೇರುತ್ತಿದ್ದರು. ಅದೂ ಹೇಗೆ? ಗಾಡಿ ಹೊರಟ ಮೇಲೆ ನಾಲ್ಕು ಹೆಜ್ಜೆ ಓಡಿ, ಕಂಬಿ ಹಿಡಿದು ಹತ್ತಬೇಕು.

ಮದುವೆಯಾದ ಹೊಸತರಲ್ಲಿ ಮೈಸೂರಿಗೆ ಹೊರಟು, ಅತ್ತೆಯನ್ನು ಡಬ್ಬಿಯಲ್ಲಿ ಕೂರಿಸಿ, ತಾವು ಪ್ಲಾಟ್‌ಫಾರ್ಮಿನಲ್ಲಿ ಟೀ ಕುಡಿಯುತ್ತ ನಿಂತರಂತೆ. ಗಾಡಿ ಹೊರಟಿತು. ಅತ್ತೆ ಅಳುತ್ತ ಬದನಗುಪ್ಪೆ ತಲುಪಿದಾಗ, ಕೊನೆಯ ಡಬ್ಬಿಯಿಂದ ಇಳಿದು ಬಂದ ಗಂಡ ಕಿಟಕಿಯಲ್ಲಿ ಕಡಲೆಕಾಯಿ ಪೊಟ್ಟಣ ಚಾಚಿದರು.

"ನಿಮ್ಮಾವ ಜತೇಲೇ ಬತ್ತಾರೆ ಅನ್ನೋದು ಆವತ್ತೇ ಗ್ಯಾರಂಟಿ ಆಯ್ತು ಕಣಮ್ಮಿ," ಎನ್ನುತ್ತಾರೆ ಅತ್ತೆ, "ಯಾವ ಡಬ್ಬೀಲಿ ಅನ್ನೋದೊಂದೇ ಗೊತ್ತಾಗಕಿಲ್ಲ."

ಬ್ರಾಡ್‌ಗೇಜ್ ಬಂದ ಮೇಲೆ ರೈಲು ಹೊರಟ ಕೂಡಲೇ ವೇಗ ಹಿಡಿಯತೊಡಗಿತು. ಮಾವ ಒಮ್ಮೆ ಓಡಿ ನೋಡಿ, ಏದುಸಿರು ಬಿಡುತ್ತ ನಿಂತು, ಅಂದಿನಿಂದ ರೈಲನ್ನೇ ಬಹಿಷ್ಕರಿಸಿದರು.

ಈಗ ಸಕ್ಕರೆ ಕಾಯಿಲೆ ಅವರ ಎಡಪಾದವನ್ನು ತಿಂದಿದೆ. ಗಾಯ ಮಾಯುತ್ತಿಲ್ಲ, ಸ್ಪರ್ಶಜ್ಞಾನವೂ ಉಳಿದಿಲ್ಲ. ಮುಂದಿನ ವಾರ ಪಾದ ತೆಗೆಯುತ್ತಾರೆ. ಅಷ್ಟರೊಳಗೆ ಒಮ್ಮೆ, ಸ್ವಂತ ಕಾಲಿನಲ್ಲಿ, ಓಡುವ ರೈಲು ಹತ್ತಬೇಕೆಂಬುದು ಮಾವನ ಹಟ. ಊಟಿಯ ಪಾರಂಪರಿಕ ರೈಲು ಇನ್ನೂ ಅದೇ ಮೀಟರ್ ಗೇಜಿನಲ್ಲಿ, ಅದೇ ಆಮೆ ನಡಿಗೆಯಲ್ಲಿ ಹೋಗುತ್ತದೆಂದು ಯಾರೋ ಪುಣ್ಯಾತ್ಮರು ಕಿವಿಯೂದಿದ್ದರು. ತಡೆಯಲಾರದ ಅತ್ತೆ, "ಮಾತಲ್ಲೇ ಕಟ್ಟಾಕು" ಎಂದು ನನ್ನನ್ನು ಜತೆಗೆ ಕಳಿಸಿದರು.

ಬಂಡೀಪುರ ದಾಟುವವರೆಗೂ ಬಸ್ಸಿನಲ್ಲಿ ವಾದಿಸಿದೆ.

"ನಿಂತಾಗ ಹತ್ತಿದ್ರೆ ಏನು ಕಮ್ಮಿ ಆಗುತ್ತೆ ಮಾವ?"

"ನಿಂತಿರೋ ಗಾಡೀಗೆ ಮೂಟೆನೂ ಅತ್ಬೋದು ಕಣಮ್ಮಿ."

"ಮೂಟೆ ಬಿದ್ರೆ ಕಾಲು ಮುರಿಯಲ್ಲ."

"ಮುರ್ಯಕೆ ಕಾಲಿದ್ರೆ ತಾನೆ? ಮುಂದಿನ್ ವಾರದಿಂದ ನಾನೂ ಮೂಟೆನೇ ಬುಡು."

ಇಂಥ ಖಂಡನೆಗೆ ಯಾವ ತೀರ್ಪುಗಾರ ಅಂಕ ಕೊಡುವುದಿಲ್ಲ? ನಾನು ಕಾಡು ನೋಡುತ್ತ ಕುಳಿತೆ.

ಊಟಿಯಲ್ಲಿ ಮಂಜು. ನೀಲಿ ಡಬ್ಬಿಗಳು ತೊಯ್ದು ನಿಂತಿದ್ದವು. ಕಾಯ್ದಿರಿಸಿದ ಸೀಟಿದ್ದರೂ ಮಾವ ಹೊರಗೇ ಉಳಿದು ಪಂಚೆ ಎತ್ತಿ ಕಟ್ಟಿದರು. ನಾನು ರೈಲ್ವೆ ಕಾಯ್ದೆ, ಗಾಯ, ಅತ್ತೆಯ ಕಣ್ಣೀರು ಎಲ್ಲವನ್ನೂ ಜೋಡಿಸಿಕೊಂಡು ಬಾಯಿ ತೆರೆದೆ. ಆಗ ಕಂಡಿತು: ಅವರ ಎಡಗಾಲಿನ ಚಪ್ಪಲಿ ಹಿಂದೆಲ್ಲೋ ಒದ್ದೆ ನೆಲದ ಮೇಲೆ ಬಿದ್ದಿತ್ತು. ಅದು ಕಳಚಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ತಂದು, ಕೂತು, ಬ್ಯಾಂಡೇಜಿನ ಪಾದಕ್ಕೆ ತೊಡಿಸಿದೆ. ಮಾವ ಬಗ್ಗಿ ನೋಡಿದರು.

"ಯಾವಾಗ ಬಿತ್ತಮ್ಮಿ?"

ಆಮೇಲೆ ಅವರು ಬಾಗಿಲ ಹತ್ತಿರ ಹೋಗಲೂ ಇಲ್ಲ, ಹಿಂದಿರುಗಲೂ ಇಲ್ಲ. ವಾದ ನಾನೇ ಗೆದ್ದಿದ್ದೆ, ಅದೂ ಸಾಕ್ಷ್ಯಸಮೇತ. ಆ ಗೆಲುವನ್ನು ಎಲ್ಲಿ ಬಿಸಾಡಲಿ ಎನ್ನಿಸಿತು.

"ಬೇಗ ಮಾವ," ಎಂದೆ, ಅವರ ತೋಳಿಗೆ ಹೆಗಲು ಕೊಟ್ಟು. "ಗಾಡಿ ಹೊರಟೇಬಿಡ್ತು."

ಮಾವ ಚಕ್ರ ನೋಡಿದರು. ಚಕ್ರ ಕದಲಿರಲಿಲ್ಲ. ದೂರದಲ್ಲಿ ಗಾರ್ಡು ಇನ್ನೂ ಯಾರೊಂದಿಗೋ ಹರಟುತ್ತಿದ್ದ.

"ಊಂ ಕಣಮ್ಮಿ," ಎಂದರು, ಬಲಗಾಲನ್ನು ಮೆಟ್ಟಿಲ ಮೇಲಿಟ್ಟು, "ಸ್ಪೀಡೂ ಜಾಸ್ತೀನೇ ಅದೆ. ಭದ್ರವಾಗಿ ಇಡ್ಕೊ."