ತುದಿ ಕೆಳಗಾದ ತ್ರಿಕೋನದ ಬಗ್ಗೆ ಗ್ರಂಥಕರ್ತರಲ್ಲೊಂದು ಬಿನ್ನಹ

ಮಾನ್ಯ ಗ್ರಂಥಕರ್ತರೇ,

ತುಮಕೂರಿನ ಸದಾಶಿವನಗರದಿಂದ ತಮ್ಮ ಕಾಣದ ಶಿಷ್ಯೆ ಮಾಲಿನಿ ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ತಾವೂ ತಮ್ಮ ಮುಂದಿನ ಆವೃತ್ತಿಯೂ ಕ್ಷೇಮವೆಂದು ನಂಬಿದ್ದೇನೆ. ಗ್ರಾಫಿಕ್ಸ್ ಕಾರ್ಡಿಗೆ ಪ್ರೋಗ್ರಾಂ ಬರೆಯುವುದನ್ನು ಹೇಳಿಕೊಡುವ ತಮ್ಮ ದಪ್ಪ ಗ್ರಂಥವನ್ನು ನಾನು ಮುನ್ನುಡಿಯಿಂದಲೇ ಓದಿದವಳು, ಓದಿದ್ದನ್ನು ಕೈಯಾರೆ ಟೈಪು ಮಾಡಿದವಳು, ಟೈಪು ಮಾಡಿದ್ದನ್ನು ಓಡಿಸಿ ಅತ್ತೆಯ ಕಣ್ಣಿಗೆ ಬೀಳಿಸಿದವಳು. ಆದ್ದರಿಂದ ತಮಗೆ ಬಹಿರಂಗ ಪತ್ರ ಬರೆಯುವ ಅರ್ಹತೆ ನನಗಿದೆಯೆಂದುಕೊಂಡಿದ್ದೇನೆ.

ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಹೊಸ ಸಿಲಬಸ್ಸಿನಲ್ಲಿ ತಮ್ಮ ವಿಷಯ ಬಂದಾಗ ಸ್ಟಾಫ್ ರೂಮಿನವರೆಲ್ಲ ಒಟ್ಟಿಗೇ ಕಾಫಿ ಲೋಟದೊಳಗೆ ನೋಡತೊಡಗಿದರು. ತಲೆ ಎತ್ತಿಕೊಂಡಿದ್ದವಳು ನಾನೊಬ್ಬಳೇ ಆದ್ದರಿಂದ ಅದು ನನ್ನ ಕೊರಳಿಗೆ ಬಿತ್ತು. ನನ್ನ ಯಜಮಾನರಾದ ಬಸವಪ್ರಭು ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಮದುವೆಯಾಗಿ ವರ್ಷಗಳೇ ಕಳೆದಿವೆ. ಮಕ್ಕಳು ಬೇಡವೆಂದು ನಾವಿಬ್ಬರೂ ಬಹಳ ಹಿಂದೆಯೇ ನಿಶ್ಚಯಿಸಿದ್ದೇವೆ, ಆ ನಿಶ್ಚಯದಲ್ಲಿ ಸುಖವಾಗಿಯೂ ಇದ್ದೇವೆ. ಅದನ್ನು ಅತ್ತೆ ಕರಿಬಸಮ್ಮನವರಿಗೆ ತಿಳಿಸುವುದೊಂದು ಬಾಕಿಯಿತ್ತು. ಯಜಮಾನರು ಯುಗಾದಿ ಕಳೆಯಲಿ ಎನ್ನುವರು, ಯುಗಾದಿ ಕಳೆದರೆ ಗೌರಿಹಬ್ಬ ಕಳೆಯಲಿ ಎನ್ನುವರು; ಅಷ್ಟರಲ್ಲಿ ಮತ್ತೆ ಯುಗಾದಿ ಬಂದುಬಿಡುತ್ತಿತ್ತು. ಅತ್ತೆ ಮಾತ್ರ ಗುಬ್ಬಿ ಬಳಿಯ ಕಡಬದ ಮನೆಯಲ್ಲಿ ಮೊಮ್ಮಗುವಿಗಾಗಿ ಸೋಮವಾರ ಸೋಮವಾರ ಒಪ್ಪತ್ತು ಮಾಡಿಕೊಂಡು ಬಂದಿದ್ದರು. ಅವರು ನಮಗಾಗಿ ಹಸಿದಿರುವ ರಾತ್ರಿ ನಾನು ತಟ್ಟೆಯ ಮುದ್ದೆಯನ್ನು ಅರ್ಧಕ್ಕೇ ಬಿಡುತ್ತಿದ್ದೆ. ಮನೆಯ ಗುಟ್ಟನ್ನು ತಮಗೇಕೆ ಹೇಳುತ್ತಿದ್ದೇನೆಂದರೆ, ಅದರಲ್ಲಿ ತಮ್ಮ ಗ್ರಂಥ ಕೈಹಾಕಿದೆ.

ಮೊದಲ ಅಧ್ಯಾಯದಲ್ಲಿ ತಾವು ಬಹಳ ಸಲಿಗೆಯಿಂದ, ಬನ್ನಿ ಒಂದು ತ್ರಿಕೋನ ಬಿಡಿಸೋಣ ಎಂದು ಕರೆದಿರಿ. ಅಂಗನವಾಡಿಯ ಮಗು ಬಳಪದಲ್ಲಿ ಮೂರು ಗೆರೆ ಎಳೆದು ಮುಗಿಸುವ ಕೆಲಸವಲ್ಲವೇ ಎಂದು ನಾನೂ ಸೆರಗು ಸಿಕ್ಕಿಸಿ ಕೂತೆ. ಆಮೇಲೆ ತಿಳಿಯಿತು, ಮೊದಲು ಕಾರ್ಡಿಗೆ ನಮ್ಮ ಪರಿಚಯ ಹೇಳಿಕೊಳ್ಳಬೇಕು, ಮನೆಯಲ್ಲಿರುವುದು ಒಂದೇ ಕಾರ್ಡಾದರೂ ಇಲ್ಲಿ ಎಷ್ಟು ಕಾರ್ಡುಗಳಿವೆಯೆಂದು ಅದನ್ನೇ ವಿಚಾರಿಸಬೇಕು, ಮೆಮೊರಿಯಲ್ಲಿ ಜಾಗ ಕೊಡುವಿರಾ ಎಂದು ಕೇಳಬೇಕು, ಕೊಟ್ಟ ಮೇಲೆ ಅದನ್ನು ಬಳಸಲು ಬೇರೆಯಾಗಿ ಕೇಳಬೇಕು. ಕಚೇರಿಗೆ ಅಲೆದು ಪಹಣಿ ತಿದ್ದಿಸಿದವರ ಸೊಸೆ ನಾನು, ನನಗೂ ಸಾಕಾಗಿಹೋಯಿತು. ಕಣ್ಣು ಮಿಟುಕಿಸುವುದರಲ್ಲಿ ಕೋಟಿಗಟ್ಟಲೆ ಲೆಕ್ಕ ಮಾಡುವ ಯಂತ್ರ, ಮೂರು ಗೆರೆಗೆ ಸಾವಿರ ಸಾಲು ಬರೆಸಿಕೊಂಡು ಕಪ್ಪು ಪರದೆಯನ್ನು ಅನುಗ್ರಹಿಸುತ್ತಿತ್ತು. ಅಂಥ ಸಂದರ್ಭಕ್ಕೆ ತಾವು ಬರೆದಿರುವ ಸಾಂತ್ವನ, ಎಲ್ಲೋ ಏನೋ ತಪ್ಪಾಗಿರಬಹುದು ಎಂಬುದು. ಇಷ್ಟು ಸೂಕ್ಷ್ಮದೃಷ್ಟಿ ಎಲ್ಲರಿಗೂ ಬರುವುದಿಲ್ಲ ಬಿಡಿ.

ಬೇಸತ್ತು, ಗ್ರಂಥದಲ್ಲಿ ಕಾರ್ಡಿನಿಂದ ಲೆಕ್ಕ ಮಾಡಿಸುವ ಭಾಗಕ್ಕೆ ಹಾರಿದೆ. ಅಲ್ಲಿ ಥ್ರೆಡ್ ಎಂಬ ಸಾವಿರಾರು ಎಳೆಗಳು ಒಟ್ಟಿಗೇ ಕೆಲಸ ಮಾಡುತ್ತವೆ, ಎಲ್ಲವೂ ಮುಗಿಯುವ ತನಕ ಒಂದೂ ಮುಂದಕ್ಕೆ ಹೋಗುವಂತಿಲ್ಲ ಎಂಬ ಸರಳ ಮಾತನ್ನು ಹೇಳಲು ತಾವು ಪಿಜ್ಜಾ ಅಂಗಡಿ, ಅಲ್ಲಿನ ಒಲೆಗಳು, ಸ್ಕೂಟರಿನ ಹುಡುಗರು ಎಂದು ಅರ್ಧ ಅಧ್ಯಾಯ ಸುತ್ತಿಸಿದ್ದೀರಿ. ತಾವು ಒಂದೇ ಒಂದು ಸಲ ನಮ್ಮ ಕಡೆಯ ಮಠದ ದಾಸೋಹದಲ್ಲಿ ಪಂಕ್ತಿಗೆ ಕೂತಿದ್ದರೆ ಸಾಕಿತ್ತು. ಎಲ್ಲರೂ ಉಂಡು ಮುಗಿಸುವ ಮುಂಚೆ ಒಬ್ಬ ಎಲೆ ಬಿಟ್ಟು ಎದ್ದರೆ ಏನಾಗುತ್ತದೆಂಬುದು ಅಕ್ಕಪಕ್ಕದವರ ನೋಟದಲ್ಲೇ ಅರ್ಥವಾಗುತ್ತಿತ್ತು. ನನ್ನ ವಿದ್ಯಾರ್ಥಿಗಳಿಗೆ ನಾನು ಹಾಗೇ ಹೇಳಿದೆ, ಅವರಿಗೆ ತಿಳಿಯಿತು.

ಕೊನೆಗೆ, ರಾಜ್ಯೋತ್ಸವ ಹತ್ತಿರವಿದ್ದ ಒಂದು ಸಂಜೆ ತ್ರಿಕೋನ ಪ್ರತ್ಯಕ್ಷವಾಯಿತು. ನಿಮಗಿಷ್ಟವಾದ ಬಣ್ಣ ಕೊಡಿ ಎಂದು ತಾವು ಉದಾರವಾಗಿ ಬರೆದಿದ್ದರಿಂದ ನಾನು ಕನ್ನಡಾಭಿಮಾನ ಉಕ್ಕಿ ಹಿನ್ನೆಲೆಗೆ ಅರಿಶಿನ, ತ್ರಿಕೋನಕ್ಕೆ ಕುಂಕುಮ ಕೊಟ್ಟಿದ್ದೆ. ತುದಿ ಮೇಲಿರಬೇಕಾದದ್ದು ಕೆಳಗಿತ್ತು. ಬಂದದ್ದೇ ದೊಡ್ಡದೆಂಬ ಸಂತೋಷದಲ್ಲಿ ನಾನದನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಯಜಮಾನರನ್ನು ಕೂಗಿ ಕರೆದೆ. ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮಲ್ಲೇ ಸುಧಾರಿಸಿಕೊಳ್ಳುತ್ತಿದ್ದ ಅತ್ತೆಯೂ ಹಿಂದೆಯೇ ಬಂದರು.

ಇಲ್ಲಿ ತಮಗೊಂದು ಮಾತು ತಿಳಿಸಬೇಕು. ಅತ್ತೆ ನಿವೃತ್ತ ಆರೋಗ್ಯ ಸಹಾಯಕಿ. ಗುಬ್ಬಿ ತಾಲ್ಲೂಕಿನ ಹಳ್ಳಿಹಳ್ಳಿ ಸುತ್ತಿ, ಇನ್ನು ಸಾಕು ಮಾಡ್ಕೊಳ್ರಮ್ಮ ಎಂದು ಹೆಂಗಸರಿಗೆ ಬುದ್ಧಿ ಹೇಳುವುದರಲ್ಲೇ ಸರ್ವೀಸು ಸವೆಸಿದವರು. ಹಳದಿ ಗೋಡೆಯ ಮೇಲೆ ತುದಿ ಕೆಳಗಾದ ಕೆಂಪು ತ್ರಿಕೋನವೆಂದರೆ ನಮ್ಮ ದೇಶದಲ್ಲಿ ಕುಟುಂಬ ಯೋಜನೆಯ ಗುರುತು. ಆ ಗುರುತಿನ ಕೆಳಗೆ ಆಯಸ್ಸು ಕಳೆದವರು ಹೊಸ ಕಣ್ಣಿನಲ್ಲಿ ಮೊದಲು ಕಂಡ ಚಿತ್ರ ತಮ್ಮ ಕೃಪೆಯಿಂದ ಅದೇ ಆಯಿತು. ಅವರು ಪರದೆಯನ್ನು ನೋಡಿದರು, ಮಗನನ್ನು ನೋಡಿದರು, ಮಂಚದ ಮೇಲೆ ಕೂತರು.

"ಬ್ಯಾಡ ಅಂದ್ರೆ ಬ್ಯಾಡ ಬುಡು ಮಗ. ಬಾಯಲ್ಲಿ ಹೇಳಿದ್ರೆ ಆಗ್ತಿರ್ಲಿಲ್ವಾ? ಊರೋರಿಗೆಲ್ಲ ಇದ್ನೇ ಹೇಳ್ಕೊಂಡು ತಿರುಗ್ದೋಳು ನಾನು."

ತ್ರಿಕೋನ ತಲೆಕೆಳಗಾದದ್ದು ತಮ್ಮ ಗ್ರಂಥದ ಅಕ್ಷಗಳಿಂದ, ನಾನು ಬೇಕೆಂದು ಬಿಡಿಸಿದ್ದಲ್ಲ ಎಂದು ವಿವರಿಸಲು ಬಾಯಿ ತೆರೆದೆ. ಯಜಮಾನರು ಕಾಲು ತುಳಿದರು. ಅತ್ತೆ ಆಗಲೇ ಕುಣಿಗಲ್ಲಿನಲ್ಲಿರುವ ನನ್ನ ಅಮ್ಮನಿಗೆ ಫೋನು ಮಾಡಿ, ಹುಡುಗರು ತೀರ್ಮಾನ ಮಾಡಿದ್ದಾರೆ, ಯಾರೂ ಪೀಡಿಸುವುದು ಬೇಡವೆಂದು ಹೇಳಿ ಮುಗಿಸಿದರು. ಮುಂದಿನ ಸೋಮವಾರ ರಾತ್ರಿ ನಮ್ಮ ಜೊತೆಗೇ ಕೂತು ಉಂಡರು. ನನಗೆ ಅಳು ಬಂತು, ಮೆಣಸಿನಕಾಯಿ ಎಂದೆ.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆಯೇನೆಂದರೆ, ಈ ಯಂತ್ರದಲ್ಲಿ ವೈ ಅಕ್ಷ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆಂಬ ಸಂಗತಿಯನ್ನು ಗ್ರಂಥದ ಹಿಂಬದಿಯ ಅನುಬಂಧದಲ್ಲಿ ಇರುವೆ ಗಾತ್ರದ ಅಡಿಟಿಪ್ಪಣಿಯಾಗಿ ಅಡಗಿಸದೆ, ರಕ್ಷಾಪುಟದ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕು. ಅದಾಗದಿದ್ದರೆ ಅಕ್ಷವನ್ನೇ ಮೇಲುಮುಖ ಮಾಡಿಸಿಕೊಡಬೇಕು. ಅದೂ ಆಗದಿದ್ದರೆ ತಾವೇ ಗುಬ್ಬಿಗೆ ದಯಮಾಡಿಸಿ, ಸೊಸೆ ಕಂಪ್ಯೂಟರಿನಲ್ಲಿ ಆರೋಗ್ಯ ಇಲಾಖೆಯ ಪೋಸ್ಟರು ಬರೆಯುತ್ತಾಳಂತಲ್ಲ ಎಂದು ವಿಚಾರಿಸುತ್ತಿರುವ ಅತ್ತೆಯ ಹಳೆಯ ಸಹೋದ್ಯೋಗಿಗಳಿಗೆಲ್ಲ ಒಂದು ಉಪನ್ಯಾಸ ಕೊಡಬೇಕು. ಪಿಜ್ಜಾ ಉದಾಹರಣೆ ಬೇಡ, ಅವರು ಮಧ್ಯದಲ್ಲೇ ಎದ್ದು ಹೋಗುವವರು.

ತುದಿ ಕೆಳಗಿದ್ದರೂ ಮೇಲಿದ್ದರೂ ತಮ್ಮ ವಿಶ್ವಾಸಿ,
ಮಾಲಿನಿ ಬಸವಪ್ರಭು
ಸದಾಶಿವನಗರ, ತುಮಕೂರು

ಮರೆತ ಮಾತು: ಪತ್ರ ಮುಗಿಸಿದ ಮೇಲೆ ತಮ್ಮ ಅಡಿಟಿಪ್ಪಣಿಯಂತೆ ತಿದ್ದಿ ತ್ರಿಕೋನದ ತುದಿಯನ್ನು ಮೇಲಕ್ಕೆ ತಂದೆ. ಕಾಫಿ ಹಿಡಿದುಕೊಂಡು ಬಂದ ಅತ್ತೆ ಅದನ್ನು ಬಹಳ ಹೊತ್ತು ನೋಡಿ, ಮನಸ್ಸು ಬದಲಾಯಿತೇ ಎಂದು ಮೆಲ್ಲಗೆ ಕೇಳಿದರು. ಆ ದನಿಯಲ್ಲಿ ಇನ್ನೂ ಚೂರು ಆಸೆ ಉಳಿದಿತ್ತು. ಈ ಸಲ ತ್ರಿಕೋನವನ್ನೂ ಯಜಮಾನರನ್ನೂ ನಂಬಿ ಕೂರದೆ, ಅತ್ತೆಯ ಕೈ ಹಿಡಿದುಕೊಂಡು, ಇಲ್ಲ ಅತ್ತೆ, ನಮಗೆ ಬೇಡ ಎಂದು ನಾನೇ ಹೇಳಿದೆ. ಒಂದೇ ಸಾಲಿನಲ್ಲಿ ಕೆಲಸ ಮುಗಿಯಿತು. ತಮ್ಮ ಗ್ರಂಥದಿಂದ ಕಲಿತದ್ದಲ್ಲವೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ.