ನೀರಿನ ಮೇಲೆ ಹಾರಿದ ಮಾವ

ನಮ್ಮ ಸೋದರಮಾವನಿಗೆ ಈಜು ಬರುತ್ತದೆ, ಬುದ್ಧಿ ಮಾತ್ರ ಬರುವುದಿಲ್ಲ. ಇದು ನನ್ನ ಮಾತಲ್ಲ, ಅತ್ತಿಯ ಮಾತು. ಕಟ್ಟಿಕೊಂಡ ಹೆಂಡತಿ, ಸುಳ್ಳು ಯಾಕೆ ಹೇಳುತ್ತಾಳೆ?

ಶಹಾಬಾದಿನ ಕಲ್ಲುಖಣಿಯಲ್ಲಿ ಎಡಗಾಲ ಮೇಲೆ ಪರ್ಸಿ ಕಲ್ಲಿನ ಚಪ್ಪಡಿ ಬಿದ್ದಾಗಿನಿಂದ ಮಾವ ಕುಂಟುತ್ತಾನೆ. ಆದರೆ ಆಸರೆಗೆ ಯಾರಾದರೂ ಕೈ ಚಾಚಲಿ ನೋಡೋಣ! "ಕೈ ಹಿಡೀಲಿಕ್ಕ ನಾ ಏನ್ ಮದಲಗಿತ್ತಿನಾ?" ಎಂದು ಗದರುತ್ತಾನೆ.

ಇಂಥವನು ಮೊಬೈಲಿನಲ್ಲಿ ಏನು ನೋಡಬೇಕು! ಯಾವುದೋ ದೇಶದವನು ಹಲಗೆಯ ಮೇಲೆ ನಿಂತು, ದೋಣಿಯ ಹಾಯಿಯಂಥ ಪಟ ಹಿಡಿದು, ನೀರಿಗಿಂತ ಮೊಳ ಎತ್ತರದಲ್ಲಿ ಹೊರಟಿದ್ದಾನೆ. ಹಲಗೆಯ ಕೆಳಗೊಂದು ಕಂಬ, ಅದರ ತುದಿಗೆ ನೀರೊಳಗೆ ರೆಕ್ಕೆ. ಗಾಳಿ ಎಳೆದಷ್ಟೂ ರೆಕ್ಕೆ ಎತ್ತುತ್ತದೆ.

"ನಮ್ಮ ಕೆರಿ ಈ ದಂಡಿಯಿಂದ ಆ ದಂಡಿಗಿ ನಾನೂ ಹಿಂಗೇ ನಿಂತು ಹೋಗಾಂವ," ಅಂದ.

ಥರ್ಮಾಕೋಲ್ ಬಿಗಿದ ಹಳೇ ಬಾಗಿಲು ಹಲಗೆಯಾಯಿತು, ತಾಡಪತ್ರಿ ಪಟವಾಯಿತು. ರೆಕ್ಕೆ? ನಮ್ಮ ಕಡೆ ನೆಲ, ಗೋಡೆ, ಮಾಳಿಗೆ ಎಲ್ಲ ಕಲ್ಲಿನದೇ ಅಲ್ಲವೇ? ಪರ್ಸಿಯಲ್ಲೇ ರೆಕ್ಕೆ ಕೆತ್ತಿ, ಕನ್ನಡಿಯಂತೆ ಪಾಲಿಶ್ ಮಾಡಿ ತಂದ! ನೀರು ತುಂಬಿದ ಹಳೇ ಖಣಿಗೆ ಇಳಿಸಿದೆವು. ಬಾಗಿಲು ತಳಕ್ಕೆ, ಮಾವ ಮೇಲಕ್ಕೆ.

"ಪಾಲಿಶ್ ಕಡಿಮಿ ಆತು," ಅಂದ!

ಏಳನೇ ಕ್ಲಾಸಿಗೇ ಸಾಲಿ ಬಿಟ್ಟು ವೆಲ್ಡಿಂಗ್ ಹಿಡಿದವನು ನಾನು. ಬಾಗಿಲನ್ನು ಹಗ್ಗ ಹಾಕಿ ಮೇಲೆತ್ತಿ, ಅದಕ್ಕೆ ಅಲ್ಯೂಮಿನಿಯಂ ರೆಕ್ಕೆ, ಕಂಬ ನಾನೇ ಮಾಡಿಕೊಟ್ಟೆ. ಮಾವ ಸಾವಿರ ಸಲ ಬಿದ್ದಿರಬಹುದು, ನನ್ನ ಬೆಸುಗೆ ಒಮ್ಮೆಯೂ ಬಿಟ್ಟಿಲ್ಲ! ಮತ್ತೆ ಖಣಿಗೆ ಇಳಿದೆವು. ನೀರೇನೋ ಇತ್ತು, ಗಾಳಿ ಮಾತ್ರ ನಮ್ಮ ತಲೆಯ ಮೇಲೆಯೇ ದಾಟಿ ಹೋಗುತ್ತಿತ್ತು. ಹೊತ್ತು ಏರುವ ತನಕ ಮಾವ ಹಲಗೆಯ ಮೇಲೆ ಕಂಬದಂತೆ ನಿಂತೇ ಇದ್ದ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಕೇಳಿದಳು: "ಯಣ್ಣಾ, ಬಸ್ ಎಷ್ಟೊತ್ತಿಗಿ ಅದರಿ?"

ಆಷಾಢದ ಗಾಳಿ ಎದ್ದಾಗ ಊರ ಕೆರೆಗೇ ಹೋದೆವು. ದಿನಾ ಕೆಲಸ ಮುಗಿಸಿ ಬಂದು ಬೀಳುವುದು, ಏಳುವುದು, ಮತ್ತೆ ಬೀಳುವುದು. ಹಲಗೆ ಮೇಲೆದ್ದ ಕೂಡಲೇ ಕುದುರೆಯಂತೆ ಮುಖ ಎತ್ತಿ ಅವನನ್ನು ನೀರಿಗೆ ಒಗೆಯುತ್ತಿತ್ತು. ಕಡೆಗೆ ಗುಟ್ಟು ಸಿಕ್ಕಿತು: ಏಳುವಾಗ ಮುಂದಿನ ಕಾಲಿಗೆ ಭಾರ ಕೊಡಬೇಕು. ಗಾಳಿಗೆ ಬೆನ್ನು ಕೊಟ್ಟು ನಿಂತರೆ ಮುಂದಿನದು ಯಾವುದು? ಅದೇ, ಪೆಟ್ಟಾದ ಎಡಗಾಲು!

"ಮಾವಾ, ಆ ದಂಡಿಯಿಂದ ಈ ದಂಡಿಗಿ ಬಾ. ಆಗ ಬಲಗಾಲು ಮುಂದ ಬರ್ತದ."

"ಮನಿ ಈ ಕಡಿ ಅದ. ನಾ ಇಲ್ಲಿಂದೇ ಹೋಗಾಂವ!"

ಹೋದ, ಬಿದ್ದ. ಆದರೆ ಆ ಕಾಲಿನ ಮೇಲೆ ನಿಲ್ಲುವ ಹೊತ್ತು ದಿನದಿನಕ್ಕೆ ಇಷ್ಟಿಷ್ಟೇ ಬೆಳೆಯಿತು.

ಒಂದು ಸಂಜೆ ಅತ್ತಿ ಬುತ್ತಿ ತಂದು, ಕೆರೆಗೆ ಬೆನ್ನು ಮಾಡಿ ಕುಳಿತಳು. "ಮುಳುಗಿದ ಮ್ಯಾಲೆ ಹೇಳು, ಮನಿಗಿ ಹೋಗ್ತೀನಿ," ಅಂದಳು. ಬಾಗಿಲು ನೀರನ್ನು ಬಡಿಯುತ್ತ ಹೊರಟಿತು. ಒಮ್ಮೆಲೇ ಸಪ್ಪಳ ನಿಂತಿತು. ಅತ್ತಿ ಗಾಬರಿಯಿಂದ ತಿರುಗಿದಳು.

ಮಾವ ಮುಳುಗಿರಲಿಲ್ಲ. ನೀರು ಬಿಟ್ಟು ಮೇಲೆ, ನೆಟ್ಟಗೆ ನಿಂತು, ಆ ದಂಡೆಗೆ ಹೊರಟಿದ್ದ.

ಅತ್ತಿ ನನ್ನ ತೋಳು ಹಿಡಿದಳು. "ಏ... ಕುಂಟಲಿಕತ್ತಿಲ್ಲ ನೋಡೋ."

ಆಮೇಲೆ ಕೆರೆ ಸುತ್ತಿ ಓಡಿದಳು. ನಾನೂ ಹಿಂದೆ ಓಡಿದೆ. ಆ ದಂಡೆಯಲ್ಲಿ ಮಾವ ಕೆಸರಿನೊಳಗೆ ಕುಂಟುತ್ತ ಮೇಲೆ ಬರುತ್ತಿದ್ದ. ಅತ್ತಿ ಕೈ ಚಾಚಿದಳು. ನಾನು ಬೈಗುಳಕ್ಕೆ ಕಾದು ನಿಂತೆ.

ಮಾವ ಕೈ ಹಿಡಿದುಕೊಂಡ.